ಪೋರ್ಟ್‌ಫೋಲಿಯೊ ತಿದ್ದಿಕೊಟ್ಟ ಅಕ್ಕನಿಗೆ

ಅಕ್ಕಾ, ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ. ಎಂ.ಆರ್ಕ್ (ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ) ಅರ್ಜಿಗೆ ನಮ್ಮ ಪೋರ್ಟ್‌ಫೋಲಿಯೊ, ಅಂದರೆ ನಾವು ಮಾಡಿದ ಕೆಲಸಗಳ ಸಂಗ್ರಹ, ತಿದ್ದಿಕೊಟ್ಟದ್ದಕ್ಕೆ ಥ್ಯಾಂಕ್ಸ್ ಇಲ್ಲೇ ಹೇಳ್ತೀವಿ.

ನಮ್ಮಲ್ಲಿ ಎಂ.ಆರ್ಕ್‌ಗೆ ಬಿ.ಆರ್ಕ್ (ವಾಸ್ತುಶಿಲ್ಪದ ಪದವಿ) ಬೇಕೇ ಬೇಕು. ಅಮೆರಿಕದಲ್ಲಿ ಬೇರೆ ಪದವಿಯವರಿಗೂ 3ರಿಂದ 3.5 ವರ್ಷದ ಎಂ.ಆರ್ಕ್ ಇದೆ, ತಿಳಿಯದೆ ವಾಸ್ತುಶಿಲ್ಪ ಓದಿದವರ 2 ವರ್ಷದ್ದಕ್ಕೆ ಅರ್ಜಿ ಹಾಕಿದರೆ ಕಟ್ಟಿದ ಶುಲ್ಕ ವ್ಯರ್ಥ. ಕೆಲವು ಕಡೆ ಕ್ಯಾಲ್ಕುಲಸ್, ಫಿಸಿಕ್ಸ್ ಓದಿದ ದಾಖಲೆಯೂ ಬೇಕು.

ಅರೆಬರೆ ಕಲಿತ ಕ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ) ಮಾಡಿದ ಮನೆ ನಕ್ಷೆ ತೆಗೆಸಿ, ನಾವೇ ಮಾಡಿದ ಮರದ ಸ್ಟೂಲಿನ ಚಿತ್ರ ಹಾಕಿಸಿದಿರಿ: ಪೂರ್ತಿ ಸ್ಟೂಲು, ಬಿಚ್ಚಿಟ್ಟ ಜಾಯಿಂಟು, ಉಳಿ ಜಾರಿ ಸೀಳಿಹೋದ ಮೊದಲ ಕಾಲು. ಆ ಸೀಳಿದ ಕಾಲನ್ನೇ ದೊಡ್ಡದಾಗಿ ಹಾಕಿ ಎಂದಿರಿ, ಯೋಚನೆ ಬದಲಾದದ್ದು ಕಾಣುವುದು ಅಲ್ಲೇ ಅಂತ. ಪೆನ್ಸಿಲ್ ಚಿತ್ರಕ್ಕೆ ಮೊಬೈಲ್ ಫೋಟೊ ಬೇಡ. ಮೂಲೆ ಕಪ್ಪಾಗಿ ತೆಳುಗೆರೆ ಮಾಯವಾಗುತ್ತೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ, ಪಿಡಿಎಫ್ ಕೊನೆಗೆ ಕುಗ್ಗಿಸಿದರೆ ಸಾಕು.

ನಿಮ್ಮ ಕೆಂಪು ಪೆನ್ನು ಇನ್ನೂ ನಮ್ಮ ಹತ್ತಿರವೇ ಇದೆ.