ಮಗಳಿಗೊಂದು ಪತ್ರ: ಯಾರೂ ನೋಡದ ಗಳಿಗೆಯ ಚಿತ್ರಗಳು

ಪ್ರೀತಿಯ ಮಗಳೇ,

ನೀನು ಕಳಿಸಿದ ಪಟ್ಟಿ ಸಿಕ್ಕಿತು. ನಿಮ್ಮ ಚರ್ಚ್‌ನ ಈಸ್ಟರ್ ಕಲಾ ಪ್ರದರ್ಶನದ ಜವಾಬ್ದಾರಿ ನಿನ್ನ ತಲೆಗೇ ಬಂತು ಅಂತ ಕೇಳಿ ಖುಷಿಯಾಯಿತು. ಆದರೆ ಪಟ್ಟಿಯಲ್ಲಿ ಮುಕ್ಕಾಲು ಪಾಲು ಶಿಲುಬೆಯ ಚಿತ್ರಗಳೇ ಇವೆಯಲ್ಲ! ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲಕ್ಕಾದರೆ ಸರಿ. ಈಸ್ಟರ್‌ಗೆ ಬನ್ನಿ ಅಂತ ಕರೆದು, ಮತ್ತೆ ಶುಭ ಶುಕ್ರವಾರವನ್ನೇ ತೋರಿಸಿ ಕಳಿಸಿದರೆ ಹೇಗೆ?

ಸಮಿತಿಯವರ ಕಷ್ಟ ನನಗೂ ಗೊತ್ತು. ಶಿಲುಬೆಯ ಚಿತ್ರ ಎಷ್ಟು ಬೇಕಾದರೂ ಸಿಗುತ್ತವೆ. ಪುನರುತ್ಥಾನದ್ದು, ಅಂದರೆ ಯೇಸು ಸತ್ತು ಮತ್ತೆ ಎದ್ದದ್ದು, ಹುಡುಕಬೇಕು. ಯೇಸು ಸತ್ತದ್ದನ್ನು ಜನ ಕಣ್ಣಾರೆ ಕಂಡರು. ಎದ್ದದ್ದನ್ನು ಯಾರೂ ನೋಡಲಿಲ್ಲ. ಯೇಸುವಿನ ಬದುಕನ್ನು ಹೇಳುವ ನಾಲ್ಕೂ ಶುಭಸಂದೇಶ ತೆಗೆದು ನೋಡು. ಉರುಳಿದ ಕಲ್ಲು ಇದೆ, ಸುತ್ತಿಟ್ಟ ಬಟ್ಟೆ ಇದೆ, ಹೆದರಿದ ಹೆಂಗಸರು ಇದ್ದಾರೆ. ಎದ್ದ ಆ ಗಳಿಗೆಯ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾದರೆ ಚಿತ್ರ ಬರೆಯುವವನು ಏನು ಮಾಡಬೇಕು? ಒಂದೋ ಊಹಿಸಬೇಕು. ಇಲ್ಲವೇ ಆಮೇಲೆ ಬಂದವರ ಮುಖ ಬರೆಯಬೇಕು. ನನಗೆ ಈ ಎರಡನೆಯ ಬಗೆಯವೇ ಇಷ್ಟ. ನಿನ್ನ ಪ್ರದರ್ಶನವೂ ಆ ಮುಖಗಳದ್ದೇ ಆಗಲಿ.

ಇದೇನು ಹೊಸ ಹಾದಿಯಲ್ಲ. ಸಿರಿಯಾದ ದುರಾ ಯೂರೋಪೋಸ್ ಅನ್ನುವ ಊರಲ್ಲಿ ಒಂದು ಮನೆಯನ್ನೇ ಚರ್ಚ್ ಮಾಡಿಕೊಂಡಿದ್ದರು. ಮೂರನೇ ಶತಮಾನದ ಮಾತು. ದೀಕ್ಷಾಸ್ನಾನ ಕೊಡುವ ಕೋಣೆಯ ಗೋಡೆಯಲ್ಲಿ, ಕೈಯಲ್ಲಿ ದೀಪ ಹಿಡಿದ ಹೆಂಗಸರು ಒಂದು ದೊಡ್ಡ ಬಿಳಿ ಕಟ್ಟಡದ ಕಡೆ ಸಾಲಾಗಿ ಹೋಗುತ್ತಿದ್ದಾರೆ. ಅದು ಸಮಾಧಿ, ಇದು ಈಸ್ಟರ್ ಬೆಳಗಿನ ಚಿತ್ರ ಅನ್ನುತ್ತಾರೆ ಹಲವರು. ಅಲ್ಲ, ಮದುವೆಯ ಮೆರವಣಿಗೆ ಅನ್ನುವವರೂ ಇದ್ದಾರೆ. ಶತ್ರುಗಳ ಮುತ್ತಿಗೆ ತಡೆಯಲು ಕೋಟೆ ಗೋಡೆ ಪಕ್ಕದ ಮನೆಗಳಿಗೆಲ್ಲ ಮಣ್ಣು ತುಂಬಿದರು. ಊರು ಉಳಿಯಲಿಲ್ಲ. ಆ ಮಣ್ಣಿನಡಿ ಚಿತ್ರ ಉಳಿಯಿತು! ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಒಳಗೆ ಬರುತ್ತಲೇ ಇದರ ಫೋಟೋ ಇಡು. ಬಣ್ಣ ಮಾಸಿದೆ, ನೋಡಲು ಅಂಥ ಚೆಂದವೇನಲ್ಲ. ಆದರೂ ಇಡು.

ಅದರ ಪಕ್ಕದಲ್ಲೇ ನನ್ನ ಅಚ್ಚುಮೆಚ್ಚಿನದು ಬರಲಿ. ಸ್ವಿಟ್ಜರ್ಲೆಂಡಿನ ಯುಜೀನ್ ಬರ್ನಾಂಡ್ 1898ರಲ್ಲಿ ಬರೆದದ್ದು, ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಯೇಸುವಿನ ಶಿಷ್ಯರಾದ ಪೇತ್ರ ಮತ್ತು ಯೊವಾನ್ನ ಸಮಾಧಿ ಕಡೆ ಓಡುತ್ತಿದ್ದಾರೆ. ಅಷ್ಟೇ ಚಿತ್ರ. ಸಮಾಧಿ ಇಲ್ಲ, ದೇವದೂತರಿಲ್ಲ, ಯೇಸುವೂ ಇಲ್ಲ. ಹಿಂದೆ ಬೆಳಗಾಗುತ್ತಿರುವ ಆಕಾಶ. ಯೊವಾನ್ನ ಹುಡುಗ, ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಾನೆ. ಪೇತ್ರನಿಗೆ ವಯಸ್ಸಾಗಿದೆ, ಒಂದು ಕೈ ಎದೆ ಮೇಲಿದೆ. ಕೂದಲು ಗಾಳಿಗೆ ಹಿಂದಕ್ಕೆ ಹಾರಿದೆ. ಆ ಪೇತ್ರನ ಕಣ್ಣು ನೋಡು. ಯೇಸುವನ್ನು ಹಿಡಿದ ರಾತ್ರಿ ಮೂರು ಸಲ 'ಅವನನ್ನು ನಾನರಿಯೆ' ಅಂದವನು ಈ ಪೇತ್ರ. ಯೇಸು ಎದ್ದಿದ್ದರೆ ಸಾಕಪ್ಪಾ ಅನ್ನುವ ಆಸೆಯೂ ಇದೆ, ಎದ್ದಿದ್ದರೆ ಯಾವ ಮುಖ ಹೊತ್ತು ಎದುರು ನಿಲ್ಲಲಿ ಅನ್ನುವ ಭಯವೂ ಇದೆ. ಹಾಗಂತ ನಾನು ಓದಿಕೊಳ್ಳುತ್ತೇನೆ, ನೀನು ಬೇರೆ ಓದಬಹುದು. ಈ ಚಿತ್ರದ ಎದುರು ಒಂದು ಕುರ್ಚಿ ಹಾಕಿಸು.

ಇನ್ನು ತೋಮ, ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಅಂದ ಶಿಷ್ಯ. ಈಸ್ಟರ್ ಆದ ಮುಂದಿನ ಭಾನುವಾರ ಬಲಿಪೂಜೆಯಲ್ಲಿ ಪ್ರತಿ ವರ್ಷ ಅವನ ಕಥೆಯನ್ನೇ ಓದುತ್ತಾರೆ ಅಲ್ವಾ? ಆ ವಾರ ಕಾರವಾಜ್ಜೊನ ಚಿತ್ರ ಹೊರಗೆ ಬರಲಿ. 1600ರ ಸುಮಾರಿನದು, ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿದೆ. ಕತ್ತಲ ಹಿನ್ನೆಲೆ, ನಾಲ್ಕು ತಲೆ ಒಂದಕ್ಕೊಂದು ತಾಗುವಷ್ಟು ಹತ್ತಿರ. ತೋಮನ ಅಂಗಿ ಭುಜದ ಹತ್ತಿರ ಹೊಲಿಗೆ ಬಿಟ್ಟಿದೆ. ಹಣೆ ತುಂಬ ಗೆರೆ. ಬೆರಳು ಗಾಯದ ಒಳಗೇ ಇದೆ. ಆ ಬೆರಳನ್ನು ಒಳಗೆ ಬಿಡುತ್ತಿರುವುದು ಯೇಸುವೇ, ತೋಮನ ಕೈಯನ್ನು ತಾನೇ ಹಿಡಿದುಕೊಂಡು. ಯೊವಾನ್ನನ ಶುಭಸಂದೇಶದಲ್ಲಿ ಯೇಸು 'ಮುಟ್ಟಿ ನೋಡು' ಅನ್ನುತ್ತಾನೆ. ತೋಮ ಮುಟ್ಟಿದ ಅಂತ ಎಲ್ಲೂ ಬರೆದಿಲ್ಲ. ಚಿತ್ರಕಾರ ಮುಟ್ಟಿಸಿಬಿಟ್ಟ! ಗಾಯ ಕಂಡು ಮಕ್ಕಳು ಹೆದರುತ್ತಾರೆ ಅಂತ ಸಮಿತಿಯ ಹಿರಿಯರೊಬ್ಬರು ಅಂದರು ಅಂತ ಬರೆದಿದ್ದೀಯ. ಮಕ್ಕಳು ಹೆದರುವುದಿಲ್ಲ, 'ನೋಯಲಿಲ್ವಾ?' ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡೋದು ಗುರುಗಳ ಪಾಡು, ಬಿಡು.

ಊಹಿಸಿ ಬರೆದವುಗಳಲ್ಲಿ ಒಂದೆರಡು ಸಾಕು. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಇಟಲಿಯ ಸಾನ್‌ಸೆಪೊಲ್ಕ್ರೊ ಊರಿನ ಗೋಡೆ ಮೇಲೆ ಬರೆದ ಯೇಸು ನಿನ್ನ ಪಟ್ಟಿಯಲ್ಲೇ ಇದ್ದಾನೆ, ಇರಲಿ. ಒಂದು ಕಾಲು ಸಮಾಧಿಯ ಅಂಚಿನ ಮೇಲೆ, ಕೆಳಗೆ ಸೈನಿಕರು ಗಾಢ ನಿದ್ದೆಯಲ್ಲಿ. ಒಂದು ಕಡೆ ಮರಗಳೆಲ್ಲ ಬೋಳು, ಇನ್ನೊಂದು ಕಡೆ ಎಲೆ ತುಂಬಿವೆ. ನೋಡುವವರಿಗೆ ಇದನ್ನು ಹೇಳಬೇಡ. ಅವರೇ ಕಂಡುಹಿಡಿಯಲಿ.

ನಾನು ಸೇರಿಸು ಅನ್ನುವುದು ಗ್ರೂನೆವಾಲ್ಡ್‌ನದು. ಇಸೆನ್‌ಹೈಮ್ ಮಠಕ್ಕೆ 1512ರಿಂದ 1516ರ ನಡುವೆ ಬರೆದದ್ದು, ಈಗ ಫ್ರಾನ್ಸಿನ ಕೊಲ್ಮಾರ್‌ನಲ್ಲಿದೆ. ಇದನ್ನು ನೀನು ಶಿಲುಬೆಯ ಚಿತ್ರ ಅಂತಲೇ ಪಟ್ಟಿಗೆ ಹಾಕಿದ್ದೀಯ, ಅದು ಅರ್ಧ ಮಾತ್ರ. ಆ ಮಠದವರು ಒಂದು ಕೆಟ್ಟ ಕಾಯಿಲೆಯ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ರೈ ಧಾನ್ಯಕ್ಕೆ ಹಿಡಿಯುವ ಬೂಷ್ಟಿನಿಂದ ಬರುವ ಕಾಯಿಲೆ. ಮೈ ಉರಿಯುತ್ತದೆ, ಕೈಕಾಲು ಕೊಳೆಯುತ್ತವೆ. ಇದನ್ನು ಬರೆದದ್ದು ಬಾಗಿಲಿನಂತೆ ತೆರೆದು ಮುಚ್ಚುವ ಹಲಗೆಗಳ ಮೇಲೆ. ಬಾಗಿಲು ಮುಚ್ಚಿದಾಗ ಕಾಣುವ ಶಿಲುಬೆಯ ಯೇಸುವಿನ ಮೈ ತುಂಬ ಹುಣ್ಣು. ರೋಗಿಗಳಿಗೆ ತಮ್ಮ ಮೈಯನ್ನೇ ನೋಡಿದ ಹಾಗಾಗಿರಬೇಕು. ಹಬ್ಬದ ದಿನಗಳಲ್ಲಿ ಆ ಬಾಗಿಲು ತೆರೆಯುತ್ತಿದ್ದರು. ಒಳಗಡೆ ಅದೇ ಯೇಸು ದೊಡ್ಡ ಕೇಸರಿ-ಹಳದಿ ಬೆಳಕಿನೊಳಗೆ ಮೇಲೇಳುತ್ತಿದ್ದಾನೆ. ಹುಣ್ಣು ಒಂದೂ ಇಲ್ಲ, ಶಿಲುಬೆಯ ಗಾಯಗಳು ಮಾತ್ರ ಇವೆ. ಎರಡನ್ನೂ ಒಟ್ಟಿಗೆ ನೇತುಹಾಕಿದರೆ ಇದರ ಅರ್ಧ ಸತ್ವ ಹೋಗುತ್ತದೆ. ನಿಮ್ಮ ಬಡಗಿಗೆ ಹೇಳಿ ಎರಡು ಬಾಗಿಲಿನ ಚೌಕಟ್ಟು ಮಾಡಿಸು. ತಪಸ್ಸುಕಾಲದ ಕೊನೆಯ ವಾರವೇ ಮುಚ್ಚಿ ಇಡು. ಈಸ್ಟರ್ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆ ಮುಗಿದ ಮೇಲೆ ತೆರೆ. ಉಳಿದವಕ್ಕೆ ಹಣ ಸಾಲದಿದ್ದರೂ ಪರವಾಗಿಲ್ಲ, ಇದಕ್ಕೆ ಖರ್ಚು ಮಾಡು.

ಗ್ರೀಕ್, ರಷ್ಯನ್ ಮುಂತಾದ ಪೂರ್ವದ ಸಭೆಗಳ ಐಕಾನ್, ಅಂದರೆ ಪೂಜ್ಯ ಚಿತ್ರ, ಒಂದೂ ಇಲ್ಲವಲ್ಲ? ಇಸ್ತಾಂಬುಲ್‌ನ ಕೋರಾ ಅನ್ನುವ ಹಳೆಯ ಚರ್ಚಿನ ಗೋಡೆಚಿತ್ರ ಸೇರಿಸು. ಅಲ್ಲಿ ಯೇಸು ಒಬ್ಬನೇ ಏಳುವುದಿಲ್ಲ. ಆದಾಮನನ್ನೂ ಏವಳನ್ನೂ ಮಣಿಕಟ್ಟು ಹಿಡಿದು ಗೋರಿಯಿಂದ ಎಳೆಯುತ್ತಾನೆ. ಕಾಲಡಿಯಲ್ಲಿ ಪಾತಾಳದ ಮುರಿದ ಬಾಗಿಲು, ಬೀಗದ ಚೂರುಗಳು.

ಈಗ ನಾನು ಜಗಳಕ್ಕೆ ನಿಲ್ಲುವ ವಿಷಯ. ಒಂದೇ ವಾರಕ್ಕೆ ಪ್ರದರ್ಶನ ಮುಚ್ಚುವುದು ಅಂತ ತೀರ್ಮಾನವಾಗಿದೆಯಂತೆ. ಯಾಕೆ? ತಪಸ್ಸುಕಾಲವನ್ನು 40 ದಿನ ಉಪವಾಸ ಅಂತ ಎಣಿಸಿ ಎಣಿಸಿ ಆಚರಿಸುತ್ತೇವೆ. ಈಸ್ಟರ್ ಕಾಲ 50 ದಿನ, ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ನೆನೆಯುವ ಪೆಂತೆಕೋಸ್ತ್ ಹಬ್ಬದವರೆಗೆ. ಅದು ಯಾರಿಗೂ ನೆನಪಿರುವುದಿಲ್ಲ. ಸೋಮವಾರ ಬೆಳಿಗ್ಗೆಯೇ ಹೂವು ಒಣಗುತ್ತದೆ, ಹಾಡಿನ ತಂಡ ರಜೆ ಹಾಕುತ್ತದೆ. ದುಃಖಕ್ಕೆ ಅಷ್ಟು ಶಿಸ್ತು, ಸಂತೋಷಕ್ಕೆ ಒಂದೇ ಬೆಳಗ್ಗೆ! ಪಾಸ್ಕ ಮೋಂಬತ್ತಿಯನ್ನೇ ನೋಡು. ಅದರ ಮೇಲೆ ಶಿಲುಬೆ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ, ಒಮೇಗಾ, ಆ ವರ್ಷದ ನಾಲ್ಕು ಅಂಕಿ, ಐದು ಧೂಪದ ಕಾಳು. ಜಾಗರಣೆಯ ರಾತ್ರಿ ಹಚ್ಚಿದ ಅದು 50 ದಿನವೂ ಬಲಿಪೀಠದ ಹತ್ತಿರ ನಿಂತಿರುತ್ತದೆ. ಮೋಂಬತ್ತಿಗೆ ಇರುವ ತಾಳ್ಮೆ ಸಮಿತಿಗೆ ಬೇಡವೇ? ಎಲ್ಲವನ್ನೂ ಒಮ್ಮೆಲೇ ತೂಗುಹಾಕಬೇಕಿಲ್ಲ. ವಾರಕ್ಕೊಂದು ಹೊಸದು ಸೇರಿಸುತ್ತಾ ಹೋಗಿ. ಮೊದಲ ವಾರ ಓಡುವವರು, ಆಮೇಲೆ ತೋಮ, ಆಮೇಲೆ ಎಮ್ಮಾವು ಊರಿನ ದಾರಿಯಲ್ಲಿ ಎದ್ದ ಯೇಸುವನ್ನು ಕಂಡ ಇಬ್ಬರು ಶಿಷ್ಯರು, 40ನೇ ದಿನ ಸ್ವರ್ಗಾರೋಹಣ. ಜನ ಮತ್ತೆ ಮತ್ತೆ ಬರುತ್ತಾರೆ.

ಪೂಜೆಯ ಜಾಗದಲ್ಲಿ ಚಿತ್ರ ಯಾಕೆ ಅಂತ ಕೇಳುವವರು ಎಲ್ಲ ಕಾಲದಲ್ಲೂ ಇದ್ದರು. 787ರಲ್ಲಿ ನೈಸಿಯಾ ಊರಿನಲ್ಲಿ ಸೇರಿದ ಬಿಷಪ್ಪರ ಎರಡನೇ ಮಹಾಸಭೆ ಆ ಜಗಳಕ್ಕೆಂದೇ ಕೂತಿತ್ತು. ಚಿತ್ರಕ್ಕೆ ತೋರುವ ಗೌರವ ಚಿತ್ರದಲ್ಲಿರುವವರಿಗೆ ಸಲ್ಲುತ್ತದೆ ಅಂದಿತು. ಪೋಪ್ ಎರಡನೇ ಜಾನ್ ಪೌಲ್ ಕಲಾವಿದರಿಗೆ ಅಂತಲೇ ಬರೆದ ಪತ್ರದ ತಾರೀಕು 1999ರ ಏಪ್ರಿಲ್ 4, ಈಸ್ಟರ್ ಭಾನುವಾರ. ಇದಕ್ಕಿಂತ ಜಾಸ್ತಿ ವಾದ ಮಾಡಲು ಹೋಗಬೇಡ. ಬಂದು ನೋಡಿ ಅನ್ನು.

ಮಕ್ಕಳ ಚಿತ್ರಗಳನ್ನು ಮೂಲೆಗೆ ತಳ್ಳಬೇಡ. ಬೇರೆ ಗೋಡೆಯೂ ಬೇಡ. ದೊಡ್ಡವರ ಚಿತ್ರಗಳ ನಡುವೆಯೇ, ಸ್ವಲ್ಪ ಕೆಳಗೆ ಹಾಕು. ಆದರೆ ಬಹುಮಾನ ಇಡಬೇಡ. ಬಹುಮಾನ ಇಟ್ಟರೆ ಮಕ್ಕಳದ್ದನ್ನು ಅಪ್ಪ ಅಮ್ಮಂದಿರೇ ಬರೆದು ಕಳಿಸುತ್ತಾರೆ! ಜಲವರ್ಣದವನ್ನು ಬಿಸಿಲು ಬೀಳುವ ಕಿಟಕಿಯ ಎದುರು ಇಡಬೇಡ, ಬಣ್ಣ ಹೋಗುತ್ತದೆ. ಧೂಪದ ಹೊಗೆಯಿಂದಲೂ ದೂರ ಇರಲಿ. ಹಳೆಯ ಚಿತ್ರಗಳ ಫೋಟೋ ತೆಗೆದುಕೊಳ್ಳುವಾಗ ಆ ಮ್ಯೂಸಿಯಂನ ಷರತ್ತು ಏನಿದೆ ಅಂತ ಒಮ್ಮೆ ಓದು.

ಲೇಬಲ್‌ನಲ್ಲಿ ಭಾಷಣ ಬೇಡ. ಚಿತ್ರಕಾರನ ಹೆಸರು, ಇಸವಿ, ಚಿತ್ರ ಈಗ ಇರುವ ಊರು, ಶುಭಸಂದೇಶದ ಅಧ್ಯಾಯ ಇಷ್ಟು ಸಾಕು. ಅಕ್ಷರ ಮಾತ್ರ ದಪ್ಪ ಇರಲಿ, ನನ್ನಂಥವರು ಕನ್ನಡಕ ಹುಡುಕದೆ ಓದಬೇಕು. ಕರಡು ಆದ ಮೇಲೆ ಕಳಿಸು, ತಿದ್ದಿ ಕೊಡುತ್ತೇನೆ. ಬಡಗಿ ಏನಂದ ಅಂತಲೂ ತಿಳಿಸು.

ನಿನ್ನ ಅಮ್ಮ