ಗ್ಲೂಕೋಸ್ ಕೇಳಿಕೊಂಡು ಬರುವವರು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಪಿಎಚ್‌ಸಿಯಲ್ಲಿ, ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಡಾಕ್ಟರಾಗಿ ಚಾರ್ಜ್ ತಗೊಂಡೆ ಅಂತ ನಿಮ್ಮಪ್ಪ ಹೇಳಿದ. ಸಂತೋಷ. 'ಇಲ್ಲಿ ಮಾನಸಿಕ ಕೇಸೇ ಬರಲ್ಲ' ಅಂದೆಯಂತೆ. ದಿನಾ ಬರ್ತಾರೆ ಪುಟ್ಟಿ, ಮನಸ್ಸು ಸರಿ ಇಲ್ಲ ಅಂತ ಹೇಳಿಕೊಂಡು ಮಾತ್ರ ಬರಲ್ಲ. ಕೈಕಾಲು ಜೋಮು, ಮೈಯೆಲ್ಲಾ ಉರಿ, ಎದೆ ಡವಡವ ಅಂತಾರೆ. ಕೊನೆಗೆ 'ಒಂದು ಗ್ಲೂಕೋಸ್ ಹಾಕಿಬಿಡಿ ಮೇಡಂ' ಅಂತಾರೆ. ಹಳೇ ಚೀಟಿ ತೆಗೆದು ನೋಡು. ಅದರಲ್ಲೂ ಇದೇ ದೂರು, ಇದೇ ಬಿ-ಕಾಂಪ್ಲೆಕ್ಸ್ ಇದ್ದರೆ ಪೆನ್ನು ಕೆಳಗಿಡು, ಮತ್ತೆ ಅದನ್ನೇ ಬರೆಯಬೇಡ.

ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸು. ಜೊತೆಗೆ ಬಂದ ಅತ್ತೆಯನ್ನೋ ಗಂಡನನ್ನೋ ಸ್ವಲ್ಪ ಹೊರಗೆ ಕೂರಿಸು. ನಿದ್ದೆ ಹೇಗಿದೆ, ಮೊದಲಿನ ಹಾಗೆ ಕೆಲಸ ಮಾಡೋಕೆ ಆಗುತ್ತಾ ಅಂತ ಕೇಳು. ಸಾಯಬೇಕು ಅನ್ಸುತ್ತಾ ಅಂತಲೂ ನೇರವಾಗಿ ಕೇಳು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಹೌದು ಅಂದರೆ, ಹೊಲಕ್ಕೆ ಹೊಡೆಯೋ ಔಷಧಿ ಮನೇಲಿ ಎಲ್ಲಿಟ್ಟಿದ್ದಾರೆ ಅನ್ನೋದು ಮುಂದಿನ ಪ್ರಶ್ನೆ. ಅವತ್ತು ಅವರನ್ನ ಒಂಟಿಯಾಗಿ ಕಳಿಸಬೇಡ.

ಇದೆಲ್ಲ ಸ್ಪೆಷಲಿಸ್ಟ್ ಕೆಲಸ ಅನ್ನಬೇಡ. 1985ರಿಂದ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಿಮ್ಹಾನ್ಸ್‌ನವರು ಪಿಎಚ್‌ಸಿ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಕಲಿಸಿ, ಇದನ್ನ ಮಾಡಿಸಿ ತೋರಿಸಿದರು. ಆ ಮಾದರಿಯ ಮೇಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು. ಆಗ ನಮಗೆ ಸಂಶಯ ಬಂದರೆ ಕೇಳೋಕೆ ಹತ್ತಿರದಲ್ಲಿ ಯಾರೂ ಇರಲಿಲ್ಲ. ನಿನಗೆ ಹಾಗಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅದನ್ನ ಚೀಟಿ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಡು.

ಆತಂಕ ತಗ್ಗಿಸಿ ನಿದ್ದೆ ಬರಿಸೋ ಅಲ್ಪ್ರಾಜೋಲಾಮ್ ಗುಳಿಗೆ ಬರೆಯೋ ಆಸೆ ಆಗುತ್ತೆ. ಅದೇ ರಾತ್ರಿ ಅವರಿಗೆ ನಿದ್ದೆ ಬರುತ್ತೆ, ಊರಲ್ಲಿ ನಿನಗೆ ಹೆಸರು ಬರುತ್ತೆ. ಅಭ್ಯಾಸವೂ ಹತ್ತುತ್ತೆ. ಖಿನ್ನತೆಗೆ ಕೊಡೋ ಎಸ್ಸಿಟಾಲೋಪ್ರಾಮ್ ಹಾಗಲ್ಲ. ಮೊದಲ ವಾರ ಹೊಟ್ಟೆ ತೊಳಸುತ್ತೆ, ಗುಣ ಕಾಣೋಕೆ 2ರಿಂದ 4 ವಾರ ಬೇಕು. ಇದನ್ನ ಮೊದಲೇ ಹೇಳಲಿಲ್ಲ ಅಂದ್ರೆ ಗುಳಿಗೆ ತಿಪ್ಪೆಗೆ ಹೋಯಿತು ಅಂತಲೇ ಲೆಕ್ಕ. ಹುಷಾರಾದ ಮೇಲೂ ಕಡಿಮೆ ಅಂದ್ರೆ 6 ತಿಂಗಳು ತಗೋಬೇಕು. ಕಷ್ಟ ಇರೋದು ಇಲ್ಲೇ. ಚೆನ್ನಾಗಿದ್ದೀನಲ್ಲ, ಯಾಕೆ ನುಂಗಬೇಕು ಅಂತಾರೆ. ತಾಯತ ಕಟ್ಟಿಸಿಕೊಂಡು ಬಂದರೆ ಬೈಬೇಡ. ಅದೂ ಇರಲಿ, ಗುಳಿಗೆ ಬಿಡಬೇಡಿ ಅನ್ನು.

ಹೊಸ ಕೇಸ್ ಎಷ್ಟು ಅಂತ ಮೇಲಿನವರು ಕೇಳ್ತಾರೆ. ನೀನು ಮಾತ್ರ, ಒಮ್ಮೆ ಬಂದು ಮತ್ತೆ ತೋರಿಸಿಕೊಳ್ಳೋಕೆ ಬಾರದವರ ಪಟ್ಟಿ ಬೇರೆ ಇಟ್ಟುಕೋ. ತಿಂಗಳ ಮೀಟಿಂಗಿನಲ್ಲಿ ಆಯಾ ಊರಿನ ಆಶಾ ಕಾರ್ಯಕರ್ತೆಗೆ ಒಬ್ಬೊಬ್ಬರ ಹೆಸರು ಮೆಲ್ಲಗೆ ಹೇಳು. ಅವಳು ಬೀದಿಯಲ್ಲಿ ನಿಂತು 'ಮಾನಸಿಕದ ಮಾತ್ರೆ' ಅಂತ ಕೂಗಬಾರದು. ಗುಳಿಗೆ ಖಾಲಿ ಆಗಿರಬೇಕು, ಡಾಕ್ಟರಮ್ಮ ಬಂದು ಹೋಗೋಕೆ ಹೇಳಿದ್ದಾರೆ ಅಂದರೆ ಸಾಕು.

ಇಂತಿ,
ನಿನ್ನ ದೊಡ್ಡಪ್ಪ