ನಾನು ಕಲಿಸಿದ ಸುಳ್ಳು ನಿಯಮಗಳು ನಿಮ್ಮ ಪುರವಣಿಯಲ್ಲೂ ಇವೆ

ಮಾನ್ಯ ಸಂಪಾದಕರೇ,

ಕಳೆದ ವಾರದ ಶಿಕ್ಷಣ ಪುರವಣಿಯಲ್ಲಿ ಸ್ಯಾಟ್ (ಅಮೆರಿಕದ ಕಾಲೇಜು ಪ್ರವೇಶಕ್ಕೆ), ಜಿಮ್ಯಾಟ್ (ಎಂಬಿಎ ಪ್ರವೇಶಕ್ಕೆ), ಐಇಎಲ್‌ಟಿಎಸ್ (ಇಂಗ್ಲಿಷ್ ಬರುತ್ತದೆಂದು ತೋರಿಸಲು) ಪರೀಕ್ಷೆ ಬರೆಯುವವರಿಗೆಂದು ಹತ್ತು ಇಂಗ್ಲಿಷ್ ವ್ಯಾಕರಣ ನಿಯಮಗಳನ್ನು ಕೊಟ್ಟಿದ್ದೀರಿ. ಓದುತ್ತಾ ಹೋದ ಹಾಗೆ ನನ್ನದೇ ದನಿ ಕೇಳಿದಂತಾಯಿತು. 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ನಿಮ್ಮ ಪಟ್ಟಿಯ ಮೊದಲ ಮೂರು ನಿಯಮಗಳನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು ಹೇಳಿಕೊಟ್ಟಿದ್ದೇನೆ. ಹಾಗಾಗಿ ಈಗ ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ.

ಆ ಮೂರು ಇವು. ವಾಕ್ಯವನ್ನು ಆ್ಯಂಡ್, ಬಟ್, ಬಿಕಾಸ್‌ಗಳಿಂದ ಶುರು ಮಾಡಬಾರದು. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ (ಟು, ಇನ್, ವಿತ್ ಥರದ ಪದ) ಬರಬಾರದು. ಟು ಮತ್ತು ಕ್ರಿಯಾಪದದ ನಡುವೆ ಇನ್ನೊಂದು ಪದ ತೂರಿಸಬಾರದು.

ಹೋದ ತಿಂಗಳು ನನ್ನ ತಂಗಿಯ ಮಗಳು ಸ್ಯಾಟ್‌ನ ಅಭ್ಯಾಸ ಪತ್ರಿಕೆ ಮಾಡುತ್ತಿದ್ದಳು. ಒಂದು ಪ್ರಶ್ನೆಯಲ್ಲಿ ಸರಿಯುತ್ತರದ ಆಯ್ಕೆ ಪೂರ್ಣವಿರಾಮ ಹಾಕಿ, ಮುಂದಿನ ವಾಕ್ಯವನ್ನು ಬಟ್‌ನಿಂದ ಶುರು ಮಾಡಿತ್ತು. ಇವಳು ಅದನ್ನೇ ಮೊದಲು ಹೊಡೆದು ಹಾಕಿದ್ದಳು. ಕೇಳಿದರೆ, ‘ದೊಡ್ಡಮ್ಮ, ನೀವೇ ಅಲ್ವಾ ಹೇಳಿದ್ದು?’ ಎಂದಳು. ಹೌದು, ನಾನೇ. ಅವಳಿಗೆ ಹತ್ತು ವರ್ಷವಿದ್ದಾಗ ಹೇಳಿದ್ದೆ. ಚಿಕ್ಕ ಮಕ್ಕಳು ಪ್ರತಿ ವಾಕ್ಯವನ್ನೂ ಆ್ಯಂಡ್‌ನಿಂದ ಶುರು ಮಾಡುತ್ತಾರೆ, ಅದನ್ನು ನಿಲ್ಲಿಸಲು ಹೇಳುವ ಮಾತು ಅದು. ನಿಲ್ಲಿಸಿದ ಮೇಲೆ ನಿಯಮವನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು. ಮರೆತೆವು.

ಪ್ರಿಪೊಸಿಷನ್ನಿನ ಕಥೆ ಇನ್ನೂ ಹಳೆಯದು. 1672ರಲ್ಲಿ ಜಾನ್ ಡ್ರೈಡನ್ ಎಂಬ ಕವಿ ತನಗಿಂತ ಹಿಂದಿನ ನಾಟಕಕಾರನೊಬ್ಬನ ಬರವಣಿಗೆಯಲ್ಲಿ ಇದನ್ನು ತಪ್ಪೆಂದು ಎತ್ತಿ ತೋರಿಸಿದ. ಜನ ಮಾತಾಡುವುದು ಮಾತ್ರ ಅಂದಿಗೂ ಇಂದಿಗೂ ‘ಹೂ ಆರ್ ಯು ಟಾಕಿಂಗ್ ಟು’ ಎಂದೇ. ಮೂರನೆಯದರ ಬಗ್ಗೆ ಬರೆಯುವಷ್ಟು ಹುರುಪು ನನಗಿಲ್ಲ. ಅದನ್ನು ನಂಬಿ ಯಾವ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಒಂದು ಅಂಕ ಗಳಿಸಿದ್ದನ್ನು ನಾನಂತೂ ನೋಡಿಲ್ಲ.

ಈಗಿನ ಡಿಜಿಟಲ್ ಸ್ಯಾಟ್‌ನ ಓದು-ಬರಹದ ವಿಭಾಗದಲ್ಲಿ 54 ಪ್ರಶ್ನೆಗಳು, 64 ನಿಮಿಷ. ಅದರಲ್ಲಿ ವ್ಯಾಕರಣ ಮತ್ತು ವಿರಾಮಚಿಹ್ನೆಗೆ ಸೇರಿದವು 11ರಿಂದ 15. ಕೇಳುವ ವಿಷಯಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಕೆಲವಕ್ಕೆ ಕನ್ನಡ ಬಲ್ಲವರಿಗೆ ಮನೆಯಲ್ಲೇ ಔಷಧಿ ಇದೆ. ಇದನ್ನು ಹೇಳಲೆಂದೇ ಪತ್ರ ಬರೆಯಲು ಕೂತೆ.

‘ದ ಬಾಕ್ಸ್ ಆಫ್ ಓಲ್ಡ್ ಲೆಟರ್ಸ್’ ಆದ ಮೇಲೆ ಈಸ್ ಬರಬೇಕೋ ಆರ್ ಬರಬೇಕೋ? ಕ್ರಿಯಾಪದದ ಪಕ್ಕದಲ್ಲೇ ಲೆಟರ್ಸ್ ಕೂತಿದೆ, ಕೈ ತಾನಾಗಿ ಆರ್ ಕಡೆ ಹೋಗುತ್ತದೆ. ಪರೀಕ್ಷೆಯವರು ಇನ್ನೂ ಮೂರು ಬಹುವಚನ ಪದಗಳನ್ನು ನಡುವೆ ತುಂಬಿ ಹಾದಿ ತಪ್ಪಿಸುತ್ತಾರೆ. ಈಗ ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ: ‘ಹಳೆಯ ಪತ್ರಗಳ ಪೆಟ್ಟಿಗೆ’. ನಮ್ಮಲ್ಲಿ ಮುಖ್ಯ ಪದ ಕೊನೆಗೆ ಬರುತ್ತದೆ. ಪೆಟ್ಟಿಗೆ ಇದೆ. ‘ಪತ್ರಗಳ ಪೆಟ್ಟಿಗೆ ಇವೆ’ ಎಂದು ನಿದ್ದೆಗಣ್ಣಲ್ಲೂ ಯಾರೂ ಹೇಳುವುದಿಲ್ಲ. ಅಂದರೆ ಕನ್ನಡದಲ್ಲಿ ಯಾವ ಪದ ಕೊನೆಗೆ ಬಂತೋ ಅದೇ ಕರ್ತೃ. ಇಲ್ಲಿ ಅದು ಪೆಟ್ಟಿಗೆ, ಒಂದೇ ಒಂದು, ಹಾಗಾಗಿ ಈಸ್. ಅಲಾಂಗ್ ವಿತ್ ಬಂದಾಗಲೂ ಹೀಗೇ. ‘ಹುಡುಗ ಗೆಳೆಯರ ಜೊತೆ ಬಂದ’ ಎನ್ನುತ್ತೇವೆ, ‘ಬಂದರು’ ಎನ್ನುವುದಿಲ್ಲ. ಇಂಗ್ಲಿಷಿನಲ್ಲೂ ಅಲ್ಲಿ ಏಕವಚನವೇ.

ನನಗೆ ಬಹಳ ಇಷ್ಟವಾದದ್ದು ಇನ್ನೊಂದು. ‘ವಾಕಿಂಗ್ ಇನ್‌ಟು ದ ರೂಮ್, ದ ಲೈಟ್ಸ್ ವೆಂಟ್ ಔಟ್.’ ಇದರಲ್ಲಿ ಏನು ತಪ್ಪು ಎಂದು ಹುಡುಗಿಗೆ ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಿವರಿಸಿದೆ, ತಲೆಗೆ ಹೋಗಲಿಲ್ಲ. ಆಮೇಲೆ ಹಾಗೇ ಕನ್ನಡದಲ್ಲಿ ಹೇಳಿದೆ: ‘ಕೋಣೆಯೊಳಗೆ ನಡೆದು ಬಂದು ದೀಪಗಳು ಆರಿಹೋದವು.’ ಬಿದ್ದು ಬಿದ್ದು ನಕ್ಕಳು. ‘ದೀಪಗಳಿಗೆ ಕಾಲು ಬಂತಾ?’ ಎಂದಳು. ಅಷ್ಟೇ ಪಾಠ. ಅಲ್ಪವಿರಾಮದ ನಂತರ ಬರುವವರೇ ನಡೆದು ಬಂದಿರಬೇಕು. ‘ಮಳೆ ಬಂದು ಕೆರೆ ತುಂಬಿತು’ ಎನ್ನುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಬಂದದ್ದು ಮಳೆ ಎಂದು ವಾಕ್ಯವೇ ಹೇಳಿಬಿಟ್ಟಿದೆ. ಯಾರು ಎಂದು ಹೇಳದೆ ಬಿಟ್ಟಾಗಲೇ ದೀಪ ನಡೆಯಲು ಶುರು ಮಾಡುವುದು.

ಕನ್ನಡ ಎಲ್ಲ ಕಡೆ ಕೈ ಹಿಡಿಯುವುದಿಲ್ಲ, ಕೆಲವು ಕಡೆ ಕೈ ಕೊಡುತ್ತದೆ. ‘ಬಾಗಿಲು ತಟ್ಟಿದೆ, ಯಾರೂ ತೆಗೆಯಲಿಲ್ಲ’ ನಮಗೆ ಸರಿಯಾದ ವಾಕ್ಯ. ಇದೇ ಅಭ್ಯಾಸದಲ್ಲಿ ಎರಡು ಪೂರ್ಣ ಇಂಗ್ಲಿಷ್ ವಾಕ್ಯಗಳ ನಡುವೆ ಬರೀ ಕಾಮಾ ಹಾಕಿದರೆ ಅಂಕ ಹೋಯಿತು. ಪೂರ್ಣವಿರಾಮ ಬೇಕು, ಇಲ್ಲವೇ ಸೆಮಿಕೋಲನ್ ಬೇಕು, ಇಲ್ಲವೇ ಕಾಮಾದ ಜೊತೆ ಬಟ್, ಆ್ಯಂಡ್, ಸೋ ಥರದ ಪದ ಬೇಕು. ಹೌಎವರ್ ಆ ಗುಂಪಿಗೆ ಸೇರಿಲ್ಲ. ಅರ್ಥದಲ್ಲಿ ಬಟ್‌ನ ಅಣ್ಣನಂತೆ ಕಂಡರೂ ಎರಡು ವಾಕ್ಯಗಳನ್ನು ಕಾಮಾದಿಂದ ಕಟ್ಟುವ ಅಧಿಕಾರ ಅದಕ್ಕಿಲ್ಲ. ಹಾಗೇ ಇಟ್ಸ್. ಒಂದಕ್ಕೆ ‘ಅದು ಆಗಿದೆ’ ಎಂಬ ಅರ್ಥ, ಮೇಲೊಂದು ಚುಕ್ಕೆಯಂಥ ಗುರುತು. ಇನ್ನೊಂದು ಬರೀ ‘ಅದರ’. ನಮ್ಮ ಲಿಪಿಯಲ್ಲಿ ಬರೆದರೆ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ ನೋಡಿ, ನಾನೇ ಇಲ್ಲಿ ಸಿಕ್ಕಿಬಿದ್ದೆ.

ಪಟ್ಟಿಯಲ್ಲಿ ಇನ್ನೆರಡು ತಪ್ಪುಗಳಿವೆ. ಜಿಮ್ಯಾಟ್‌ನಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳೇ ಈಗಿಲ್ಲ. 2023ರ ನವೆಂಬರ್‌ನಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಅವನ್ನು ತೆಗೆದು ಹಾಕಿದರು. ಆ ಪರೀಕ್ಷೆ ಬರೆಯುವವರು ಈ ನಿಯಮಗಳನ್ನು ಸುಮ್ನೆ ಉರು ಹೊಡೆದಂತಾಗುತ್ತದೆ. ಐಇಎಲ್‌ಟಿಎಸ್‌ನಲ್ಲಿ ‘ತಪ್ಪಾಗದಂತೆ ಚಿಕ್ಕ ಚಿಕ್ಕ ವಾಕ್ಯ ಬರೆಯಿರಿ’ ಎಂದಿದ್ದೀರಿ. ಅಲ್ಲಿ ಬರವಣಿಗೆಯ ಅಂಕದಲ್ಲಿ ಕಾಲು ಭಾಗ ವ್ಯಾಕರಣದ್ದು ನಿಜ. ಆದರೆ ತಪ್ಪಿಲ್ಲದಿರುವುದನ್ನು ಮಾತ್ರವಲ್ಲ, ಎಷ್ಟು ಬಗೆಯ ವಾಕ್ಯ ಬಳಸುತ್ತೀರಿ ಎಂಬುದನ್ನೂ ನೋಡುತ್ತಾರೆ. ಬರೀ ಚಿಕ್ಕ ವಾಕ್ಯ ಬರೆದವರು ನಡುಮಟ್ಟದ ಅಂಕದಲ್ಲೇ ನಿಲ್ಲುತ್ತಾರೆ.

‘ನಿಯಮ ಎಂದರೆ ನಿಯಮ, ಪ್ರಶ್ನೆ ಮಾಡಬೇಡಿ’ ಎಂದು ನಿಮ್ಮ ಲೇಖನ ಮುಗಿಯುತ್ತದೆ. 2002ರಲ್ಲಿ ಅಮೆರಿಕದ ಪಿಎಸ್‌ಎಟಿ (ಸ್ಯಾಟ್‌ಗೆ ಮುಂಚಿನ ಅಭ್ಯಾಸದ) ಪರೀಕ್ಷೆಯಲ್ಲಿ ಕಾದಂಬರಿಕಾರ್ತಿ ಟೋನಿ ಮಾರಿಸನ್ ಅವರ ಪ್ರತಿಭೆಯ ಬಗ್ಗೆ ಒಂದು ವಾಕ್ಯ ಕೊಟ್ಟು, ತಪ್ಪಿದ್ದರೆ ಹುಡುಕಿ ಎಂದಿದ್ದರು. ತಪ್ಪಿಲ್ಲ ಎಂಬುದು ಸರಿಯುತ್ತರ. ಒಬ್ಬ ಶಿಕ್ಷಕ ಒಪ್ಪಲಿಲ್ಲ. ‘ಮಾರಿಸನ್‌ರ’ ಎಂಬ ಷಷ್ಠಿ ರೂಪವನ್ನು ಆ ವಾಕ್ಯದಲ್ಲಿ ಮುಂದೆ ಬರುವ ‘ಹರ್’ (ಅವರಿಗೆ) ಎಂಬ ಸರ್ವನಾಮ ಸೂಚಿಸಲಾರದು ಎಂದು ಪಟ್ಟು ಹಿಡಿದ. ಅವನ ನಿಯಮವನ್ನು ಒಪ್ಪದ ಪಂಡಿತರು ಬೇಕಾದಷ್ಟು ಜನ, ನಾನೂ ಒಪ್ಪುವುದಿಲ್ಲ. ಆದರೂ 2003ರಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟು ಅಂಕಗಳನ್ನು ಮತ್ತೆ ಎಣಿಸಿದರು. ಪ್ರಶ್ನೆ ತಯಾರಿಸಿದವರೇ ಹೀಗೆ ಹಿಂದೆ ಸರಿದಿರುವಾಗ ಮಕ್ಕಳು ಕೇಳಿದರೆ ತಪ್ಪೇನು?

ಮುಂದಿನ ಪುರವಣಿಯಲ್ಲಿ ಆ ಮೂರು ನಿಯಮಗಳಿಗೂ ಜಿಮ್ಯಾಟ್ ವಿಷಯಕ್ಕೂ ಒಂದು ತಿದ್ದುಪಡಿ ಹಾಕಿ. ಜಾಗ ಕಡಿಮೆಯಿದ್ದರೆ ನನ್ನ ಪತ್ರದ ಉಳಿದ ಭಾಗ ಕತ್ತರಿಸಿ, ಪೆಟ್ಟಿಗೆ ಮತ್ತು ದೀಪ ಎರಡನ್ನು ಮಾತ್ರ ಉಳಿಸಿಕೊಳ್ಳಿ.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ